ಅಷ್ಟು ಹೆಸರಿದ್ದ ಬೋವಿಗೆ ಟಿನ್ ಮಷೀನ್‌ನ ಗಲಾಟೆ ಯಾಕೆ ಬೇಕಿತ್ತು?

ಓದುಗರ ಪ್ರಶ್ನೆ: ನಾನು ಹುಬ್ಬಳ್ಳಿಯವನು. ಕೆಲಸ ಮುಗಿಸಿ ಬಂದ ಮೇಲೆ ಅಕೌಸ್ಟಿಕ್ ಗಿಟಾರ್ ಹಿಡಿದು ನನ್ನದೇ ಕನ್ನಡ ಹಾಡುಗಳನ್ನು ಬರೆದು ಹಾಡುತ್ತೇನೆ. ಇಂಗ್ಲೆಂಡಿನ ರಾಕ್ ಹಾಡುಗಾರ ಡೇವಿಡ್ ಬೋವಿ ಅಂದ್ರೆ ಪ್ರಾಣ. ಮೊನ್ನೆ ಅವರ ಟಿನ್ ಮಷೀನ್ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿ ತಲೆ ಚಿಟ್ಟು ಹಿಡಿಯಿತು. ಎಲ್ಲ ಬಗೆಯ ಹಾಡು ಹಾಡಿ ಗೆದ್ದವರು ನಲವತ್ತು ದಾಟಿದ ಮೇಲೆ ಹೊಸ ಬ್ಯಾಂಡ್ ಕಟ್ಟಿ ಇಷ್ಟು ಜೋರು ರಾಕ್‌ಗೆ ಯಾಕೆ ಇಳಿದರು? ಅದು ಎಡವಟ್ಟಾ, ಅಥವಾ ನನಗೇ ಕಿವಿ ಇಲ್ವಾ? ಕೇಳೋಕೆ ಇನ್ನೊಂದು ಕಾರಣವೂ ಇದೆ. ಗೆಳೆಯರ ಹಾರ್ಡ್ ರಾಕ್ ಬ್ಯಾಂಡ್ ಒಂದು ನನ್ನನ್ನು ಹಾಡಲು ಕರೆಯುತ್ತಿದೆ. ಹೋಗಲಾ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ಆ ಆಲ್ಬಮ್ 1989ರ ಮೇ ತಿಂಗಳಲ್ಲಿ ಬಂದಾಗಲೂ ತುಂಬಾ ಜನ ಹೀಗೇ ಹುಬ್ಬು ಗಂಟಿಕ್ಕಿದ್ದರು. ಸಿಡಿಯಲ್ಲಿ 14 ಹಾಡು, ಹೆಚ್ಚುಕಮ್ಮಿ ಒಂದು ಗಂಟೆ. ಉಸಿರು ಬಿಡೋಕೆ ಜಾಗವೇ ಇಲ್ಲ. ಆದರೆ ಎಡವಟ್ಟು ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಅದರಲ್ಲಿ ತೊಂದರೆ ಇದ್ದದ್ದು ಸದ್ದಿನಲ್ಲಲ್ಲ, ಬರವಣಿಗೆಯಲ್ಲಿ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ.

1983ರಲ್ಲಿ ಬೋವಿ ನ್ಯೂಯಾರ್ಕಿನ ಸಂಗೀತ ನಿರ್ಮಾಪಕ ನೈಲ್ ರಾಜರ್ಸ್ ಜೊತೆ ಸೇರಿ 'ಲೆಟ್ಸ್ ಡಾನ್ಸ್' ಆಲ್ಬಮ್ ಮಾಡಿದರು. ಅದರ ಶೀರ್ಷಿಕೆ ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಗಿಟಾರ್ ನುಡಿಸಿದ್ದು ಟೆಕ್ಸಾಸ್‌ನ ಸ್ಟೀವಿ ರೇ ವಾನ್. ಬೋವಿ ಆ ಆಲ್ಬಮ್ಮಿನಲ್ಲಿ ಒಂದು ವಾದ್ಯವನ್ನೂ ಮುಟ್ಟಲಿಲ್ಲ, ಹಾಡಿದರು ಅಷ್ಟೇ. ದುಡ್ಡು ಬಂತು, ಸ್ಟೇಡಿಯಂಗಳು ತುಂಬಿದವು. ಆದರೆ ಬಂದ ಜನ ಬೇರೆ. ಎಪ್ಪತ್ತರ ದಶಕದಲ್ಲಿ ವರ್ಷಕ್ಕೊಂದು ವೇಷ, ವರ್ಷಕ್ಕೊಂದು ಸಂಗೀತ ಅಂತ ಬದಲಾಗುತ್ತಿದ್ದ ಮನುಷ್ಯನನ್ನು ಅವರು ನೋಡಿರಲಿಲ್ಲ. ಅವರಿಗೆ ಬೇಕಿದ್ದದ್ದು ಇದೇ ಹಾಡು, ಇದೇ ನಗು, ಇದೇ ಹಳದಿ ಕೂದಲು. ಬೋವಿ ಅವರಿಗಾಗಿ ಇನ್ನೆರಡು ಆಲ್ಬಮ್ ಮಾಡಿದರು, 1984ರಲ್ಲಿ ಒಂದು, 1987ರಲ್ಲಿ ಒಂದು. ಎರಡರಲ್ಲೂ ಮನಸ್ಸಿಟ್ಟು ಮಾಡಿದ ಹಾಡುಗಳು ಕಡಿಮೆ. ಆಮೇಲೆ 'ಗ್ಲಾಸ್ ಸ್ಪೈಡರ್' ಪ್ರವಾಸ ಬಂತು. ವೇದಿಕೆಯ ಮೇಲೆ 60 ಅಡಿಯ ದೊಡ್ಡ ಜೇಡ, ಅದರ ಕೆಳಗೆ ಕುಣಿಯುವವರು, ಹಗ್ಗದಲ್ಲಿ ಇಳಿಯುವವರು. ಸಂಗೀತ ಎಲ್ಲೋ ಮೂಲೆಯಲ್ಲಿತ್ತು.

ಒಬ್ಬ ಹಾಡುಗಾರ ಈ ಸ್ಥಿತಿ ತಲುಪಿದಾಗ ಅವನ ಸುತ್ತ ಇರುವವರೆಲ್ಲ ಸಂಬಳದವರು. 'ಈ ಸಾಲು ಚೆನ್ನಾಗಿಲ್ಲ' ಅಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಬೋವಿಗೆ ಬೇಕಾಗಿದ್ದದ್ದು ಜೋರು ಗಿಟಾರ್ ಅಲ್ಲ, ಎದುರು ಮಾತಾಡುವವರು. ಜೋರು ಗಿಟಾರ್ ಅವರ ಜೊತೆಗೇ ಬಂತು.

ಮೊದಲು ಸಿಕ್ಕಿದ್ದು ರೀವ್ಸ್ ಗೇಬ್ರೆಲ್ಸ್. ಬಾಸ್ಟನ್ನಿನ ಬರ್ಕ್ಲೀಯಲ್ಲಿ ಸಂಗೀತ ಕಲಿತ ಗಿಟಾರಿಸ್ಟ್. ಆಗಿನ ಅವರ ಪತ್ನಿ ಸಾರಾ ಟೆರಿ ಗ್ಲಾಸ್ ಸ್ಪೈಡರ್ ಪ್ರವಾಸದ ಅಮೆರಿಕ ಭಾಗದಲ್ಲಿ ಪತ್ರಿಕೆಯವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಹೀಗಾಗಿ ಗೇಬ್ರೆಲ್ಸ್ ವೇದಿಕೆಯ ಹಿಂದೆ ಓಡಾಡಿಕೊಂಡು ಬೋವಿ ಜೊತೆ ಚಿತ್ರಕಲೆ, ಟಿವಿ ಅಂತ ಹರಟುತ್ತಿದ್ದರು. ತಾನು ಗಿಟಾರ್ ನುಡಿಸುವವನು ಅಂತ ಒಂದು ಮಾತೂ ಹೇಳಲಿಲ್ಲ. ನನಗೆ ಈ ಸಂಗತಿ ಬಹಳ ಇಷ್ಟ. ಪ್ರವಾಸ ಮುಗಿಯುವ ಹೊತ್ತಿಗೆ ಸಾರಾ ಅವರೇ ಒಂದು ಕ್ಯಾಸೆಟ್ ಬೋವಿ ಕೈಗಿಟ್ಟರು. ತಿಂಗಳುಗಳು ಕಳೆದ ಮೇಲೆ ಬೋವಿ ಫೋನ್ ಮಾಡಿದರೆ, ಯಾರೋ ಗೆಳೆಯ ತಮಾಷೆ ಮಾಡುತ್ತಿದ್ದಾನೆ ಅಂತಲೇ ಗೇಬ್ರೆಲ್ಸ್ ಅಂದುಕೊಂಡರಂತೆ.

1988ರ ಜುಲೈನಲ್ಲಿ ಲಂಡನ್ನಿನ ಡೊಮಿನಿಯನ್ ಥಿಯೇಟರ್‌ನಲ್ಲಿ ಇಬ್ಬರೂ ಒಂದು ಪ್ರಯೋಗ ಮಾಡಿದರು. ಕೆನಡಾದ 'ಲಾ ಲಾ ಲಾ ಹ್ಯೂಮನ್ ಸ್ಟೆಪ್ಸ್' ನೃತ್ಯ ತಂಡದ ಜೊತೆ ಬೋವಿಯ 1979ರ ಒಂದು ಹಾಡನ್ನು ಉದ್ದಕ್ಕೆ ಎಳೆದು, ಗಿಟಾರಿನಿಂದ ಗೀಚಿ ಹೊಸದಾಗಿ ಮಾಡಿದರು. ಟಿನ್ ಮಷೀನ್‌ನ ಸದ್ದು ಮೊದಲು ಹೊರಬಂದದ್ದು ಅಲ್ಲಿ.

ಆಮೇಲೆ ಬಂದವರು ಸೇಲ್ಸ್ ಸಹೋದರರು. ಬಾಸ್‌ ಗಿಟಾರಿಗೆ ಟೋನಿ, ಡ್ರಮ್ಸ್‌ಗೆ ಹಂಟ್. ಅಮೆರಿಕದ ಟಿವಿಯಲ್ಲಿ ಮುಖಕ್ಕೆ ಕ್ರೀಮ್ ಬಡಿಸಿಕೊಂಡು ನಗಿಸುತ್ತಿದ್ದ ಸೂಪಿ ಸೇಲ್ಸ್ ಅವರ ಮಕ್ಕಳು. ಬೋವಿಗೆ ಇವರು ಹೊಸಬರಲ್ಲ. 1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಅಮೆರಿಕದ ರಾಕ್ ಹಾಡುಗಾರ ಇಗ್ಗಿ ಪಾಪ್ ಅವರ 'ಲಸ್ಟ್ ಫಾರ್ ಲೈಫ್' ರೆಕಾರ್ಡ್ ಆದಾಗ ಬಾಸ್, ಡ್ರಮ್ಸ್ ಇವರದೇ. ಆ ಹಾಡಿನ ಶುರುವಿನ ಡ್ರಮ್ ಹೊಡೆತ ಕೇಳಿದವರು ಮರೆಯುವುದು ಕಷ್ಟ. ಇಗ್ಗಿಯ ಪ್ರವಾಸದಲ್ಲಿ ಇವರಿಬ್ಬರ ಪಕ್ಕದಲ್ಲಿ ಸುಮ್ನೆ ಕೀಬೋರ್ಡ್ ನುಡಿಸಿಕೊಂಡು ಕೂತಿದ್ದವರು ಬೋವಿ. ಅಂದರೆ ಬೋವಿಯನ್ನು ದೊಡ್ಡ ನಕ್ಷತ್ರ ಅಂತ ನೋಡದೆ, ಜೊತೆಗೆ ನುಡಿಸಿದ ಒಬ್ಬ ಅಂತ ನೋಡಿದ್ದವರು ಇವರು. ಅಂಥವರಿಗೆ ಬಾಯಿಗೆ ಬಂದದ್ದನ್ನು ಹೇಳಲು ಹೆದರಿಕೆ ಇರಲಿಲ್ಲ.

ರೆಕಾರ್ಡಿಂಗ್ ಶುರುವಾಗಿದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ, ಮುಂದುವರಿದದ್ದು ಬಹಾಮಾಸ್‌ನ ನಸೌನಲ್ಲಿ. ನಿರ್ಮಾಪಕ ಟಿಮ್ ಪಾಮರ್. ಮುಂದೆ ಅಮೆರಿಕದ ರಾಕ್ ಬ್ಯಾಂಡ್ ಪರ್ಲ್ ಜಾಮ್‌ನ ಮೊದಲ ಆಲ್ಬಮ್ ಮಿಕ್ಸ್ ಮಾಡಿದ್ದು ಇದೇ ಪಾಮರ್. ಕೆವಿನ್ ಆರ್ಮ್‌ಸ್ಟ್ರಾಂಗ್ ರಿದಮ್ ಗಿಟಾರ್ ನುಡಿಸಿದರು, ಆದರೆ ಅವರನ್ನು ಬ್ಯಾಂಡಿನ ಸದಸ್ಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸುವುದು, ಆಮೇಲೆ ಮೇಲಿಂದ ಮೇಲೆ ಪದರ ಹಾಕದಿರುವುದು, ಇದು ನಿಯಮ. ಇಲ್ಲಿಯವರೆಗೂ ನನಗೆ ಏನೂ ತಕರಾರಿಲ್ಲ.

ತಕರಾರು ಇರುವುದು ಇನ್ನೊಂದು ನಿಯಮದ ಬಗ್ಗೆ. ಬೋವಿ ಹಾಡಿನ ಸಾಲುಗಳನ್ನು ತಿದ್ದಲು ಕೂತರೆ ಸೇಲ್ಸ್ ಸಹೋದರರು ಬಿಡುತ್ತಿರಲಿಲ್ಲ. ಮೊದಲು ಬಂದದ್ದೇ ನಿಜ, ತಿದ್ದಿದರೆ ಕೆಡುತ್ತದೆ ಅಂತ ಅವರ ವಾದ. ಬೋವಿ ಒಪ್ಪಿಕೊಂಡರು. ಆಗ ಅದು ಬಿಡುಗಡೆಯ ಹಾಗೆ ಅನ್ನಿಸಿರಬೇಕು. ಆದರೆ ಈ ಮನುಷ್ಯನ ಬಲವೇ ತಿದ್ದುವುದರಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಬರೆದ ಕಾಗದವನ್ನು ಕತ್ತರಿಸಿ, ತುಂಡುಗಳನ್ನು ಕಲಸಿ, ಹೊಸ ಸಾಲು ಹುಟ್ಟಿಸುತ್ತಿದ್ದವರು. ಅವರ ಹಾಡು ಮೊದಲ ಸಲ ಕೇಳಿದಾಗ ಅರ್ಧ ಮಾತ್ರ ಗೊತ್ತಾಗುತ್ತಿತ್ತು. ಉಳಿದರ್ಧ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತಿತ್ತು. ಟಿನ್ ಮಷೀನ್‌ನಲ್ಲಿ ಡ್ರಗ್ಸ್ ಕೆಟ್ಟದ್ದು ಅಂತ ಒಂದು ಹಾಡು, ನವ ನಾಜಿಗಳು ಕೆಟ್ಟವರು ಅಂತ ಒಂದು ಹಾಡು. ಮಾತು ಸರಿಯೇ. ಆದರೆ ಮೊದಲ ಸಲ ಕೇಳಿದಾಗಲೇ ಎಲ್ಲ ಮುಗಿದುಹೋಗುತ್ತದೆ. ಗೋಡೆಬರಹ ಓದಿದ ಹಾಗೆ.

ಅದೇ ಆಲ್ಬಮ್ಮಿನ 'ಐ ಕಾಂಟ್ ರೀಡ್' ಮಾತ್ರ ಬೇರೆ. ನಿಧಾನದ ಹಾಡು. ಬೋವಿ ದಣಿದ ದನಿಯಲ್ಲಿ, ಹೆಚ್ಚುಕಮ್ಮಿ ಮಾತಾಡಿದ ಹಾಗೆ ಹಾಡುತ್ತಾರೆ. ಗೇಬ್ರೆಲ್ಸ್ ಗಿಟಾರ್ ಹಿಂದಿನಿಂದ ಕೀರಲುತ್ತದೆ. ಬರೆಯಲು, ಓದಲು, ಏನನ್ನೂ ಹಿಡಿಯಲು ಆಗದ ಒಬ್ಬ ಕಲಾವಿದನ ಹಾಡು ಅದು. ಎಂಟು ವರ್ಷದ ಮೇಲೆ, 1997ರಲ್ಲಿ, ಬೋವಿ ಇದನ್ನೇ ಮೆತ್ತಗೆ ಮತ್ತೆ ರೆಕಾರ್ಡ್ ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ನನಗೆ ಇವತ್ತಿಗೂ ಗದ್ದಲದ್ದೇ ಇಷ್ಟ. ಯಾಕಂದ್ರೆ ಅಲ್ಲಿ ಗದ್ದಲಕ್ಕೆ ಒಂದು ಕೆಲಸ ಇದೆ. ದನಿ ಸೋತಿರುವುದು ಕಾಣುವುದು ಸುತ್ತಲಿನ ಸದ್ದು ಸೋಲದೆ ಇರುವುದರಿಂದ.

ನೀವು ಅಕೌಸ್ಟಿಕ್ ಗಿಟಾರಿನವರು. ಹಾಗಾಗಿ ಈ ಜೋರು ಸದ್ದು ಒಂದು ಹಾಡಿಗೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸ್ಟಾರ್ಶನ್ ಅಂದರೆ ಸದ್ದನ್ನು ಬರೀ ದೊಡ್ಡದು ಮಾಡುವುದಲ್ಲ. ಆಂಪ್ಲಿಫೈಯರ್ ತನ್ನ ಮಿತಿ ದಾಟಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆಗ ಇಲ್ಲದಿದ್ದ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಸ ಮತ್ತು ಪ ಎರಡನ್ನೇ ಒಟ್ಟಿಗೆ ಮೀಟಿ ನೋಡಿ. ಅವುಗಳ ಕಂಪನದ ಲೆಕ್ಕ 2ಕ್ಕೆ 3. ಡಿಸ್ಟಾರ್ಶನ್‌ನಲ್ಲಿ ಅವುಗಳ ವ್ಯತ್ಯಾಸದ ಸ್ವರವೊಂದು ಹುಟ್ಟುತ್ತದೆ, ಅದು ಕೆಳಗಿನ ಸ್ಥಾಯಿಯ ಸ ಆಗಿರುತ್ತದೆ. ಅಂದರೆ ನೀವು ನುಡಿಸದ ಮಂದ್ರ ಷಡ್ಜ ತಾನಾಗಿ ಬಂದು ಕೂರುತ್ತದೆ. ತಂಬೂರಿ ಕೇಳಿ ಬೆಳೆದ ನಮಗೆ ಪವರ್ ಕಾರ್ಡ್ (ಹೀಗೆ ಸ, ಪ ಎರಡೇ ಇರುವ ಕಾರ್ಡ್) ಯಾಕೆ ಅಷ್ಟು ತುಂಬಿಕೊಂಡಂತೆ ಕೇಳುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತೆ.

ಈಗ ಅದಕ್ಕೆ ಅಂತರ ಗಾಂಧಾರ ಸೇರಿಸಿ, ಮಾಮೂಲಿ ಮೇಜರ್ ಕಾರ್ಡ್ ಮಾಡಿ. ಗಿಟಾರಿನ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲಿನ ಗಾಂಧಾರ ಶುದ್ಧ ಶ್ರುತಿಗಿಂತ ಸುಮಾರು 14 ಸೆಂಟ್ ಮೇಲಿದೆ. 100 ಸೆಂಟ್‌ಗೆ ಒಂದು ಅರ್ಧಸ್ವರ ಅಂತ ಲೆಕ್ಕ. ಪಂಚಮದ ತಪ್ಪು ಬರೀ 2 ಸೆಂಟ್. ಅಕೌಸ್ಟಿಕ್‌ನಲ್ಲಿ 14 ಸೆಂಟ್ ಯಾರ ಕಿವಿಗೂ ಚುಚ್ಚುವುದಿಲ್ಲ. ಡಿಸ್ಟಾರ್ಶನ್ ಹಾಕಿದ ಕೂಡಲೇ ಅದು ಗುರುಗುಟ್ಟಲು ಶುರುಮಾಡುತ್ತದೆ. ಅದಕ್ಕೇ ಹಾರ್ಡ್ ರಾಕ್‌ನವರು ಗಾಂಧಾರವನ್ನು ಗಿಟಾರಿನಿಂದ ತೆಗೆದು ಹಾಡುವವರ ಗಂಟಲಿಗೆ ಬಿಡುತ್ತಾರೆ. ಹಾಡು ಮೇಜರೋ ಮೈನರೋ, ಖುಷಿಯೋ ಬೇಸರವೋ ಅಂತ ಹೇಳುವ ಕೆಲಸ ಪೂರ್ತಿ ನಿಮ್ಮ ದನಿಯದಾಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಡಿಸ್ಟಾರ್ಶನ್ ಮೆಲ್ಲಗಿನದನ್ನೂ ಜೋರಿನದನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಬೆರಳಿನ ಒತ್ತಡ ಬದಲಿಸಿ ಅಕೌಸ್ಟಿಕ್‌ನಲ್ಲಿ ನೀವು ತರುವ ಏರಿಳಿತ ಇಲ್ಲಿ ಕೇಳಿಸುವುದೇ ಇಲ್ಲ. ಏರಿಳಿತ ಬೇಕು ಅಂದ್ರೆ ಯಾರೋ ಒಬ್ಬರು ನುಡಿಸುವುದನ್ನು ನಿಲ್ಲಿಸಬೇಕು. ಆ ಕಾಲದಲ್ಲಿ ಬೋವಿ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ ಬಾಸ್ಟನ್ನಿನ ಬ್ಯಾಂಡ್ ಪಿಕ್ಸೀಸ್ ಇದನ್ನು ಚೆನ್ನಾಗಿ ಕಲಿತಿತ್ತು. ಚರಣ ಪಿಸುಮಾತು, ಪಲ್ಲವಿ ಸ್ಫೋಟ. ಮುಂದೆ ನಿರ್ವಾಣ ಎಂಬ ಅಮೆರಿಕದ ಬ್ಯಾಂಡ್ ಲೋಕ ಗೆದ್ದದ್ದು ಇದೇ ಉಪಾಯದಿಂದ. ಬೋವಿ ಪಿಕ್ಸೀಸ್‌ನಿಂದ ಗದ್ದಲವನ್ನು ತೆಗೆದುಕೊಂಡರು, ಮೌನವನ್ನು ಬಿಟ್ಟುಬಂದರು. ಹಂಟ್ ಸೇಲ್ಸ್ ಹಾಡಿನ ಮೊದಲ ಹೊಡೆತದಿಂದ ಕೊನೆಯ ಹೊಡೆತದವರೆಗೂ ಒಂದೇ ಉತ್ಸಾಹದಲ್ಲಿ ಬಾರಿಸುತ್ತಾರೆ. ಗೇಬ್ರೆಲ್ಸ್ ಹಾಡುವವರ ಸಾಲಿನ ಮೇಲೂ ಗಿಟಾರ್ ಸುರಿಯುತ್ತಾರೆ. ನಿಮ್ಮ ತಲೆ ಚಿಟ್ಟು ಹಿಡಿದದ್ದು ಇದಕ್ಕೇ. ಕಿವಿ ಇಲ್ಲ ಅಂತಲ್ಲ.

ಬೋವಿ ಇದನ್ನು ಮೊದಲ ಸಲ ಮಾಡಿದ್ದೂ ಅಲ್ಲ. ಇದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ. 1969ರಲ್ಲಿ ಅವರು ಗುಂಗುರು ಕೂದಲಿನ, 12 ತಂತಿಯ ಗಿಟಾರಿನ ಫೋಕ್ ಹಾಡುಗಾರ. 1970ರ ಫೆಬ್ರವರಿಯಲ್ಲಿ 'ಹೈಪ್' ಅಂತ ಹೊಸ ಬ್ಯಾಂಡ್ ಕಟ್ಟಿಕೊಂಡು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ವೇಷ ಹಾಕಿಕೊಂಡು ನಿಂತರು. ಗಿಟಾರ್‌ಗೆ ಮಿಕ್ ರಾನ್ಸನ್, ಬಾಸ್‌ಗೆ ಟೋನಿ ವಿಸ್ಕಾಂಟಿ. ಈ ರಾನ್ಸನ್ ಹಲ್ ಎಂಬ ಊರಿನ ನಗರಸಭೆಯಲ್ಲಿ ತೋಟದ ಕೆಲಸಕ್ಕಿದ್ದವರು. ರಗ್ಬಿ ಮೈದಾನಕ್ಕೆ ಗೆರೆ ಹಾಕುತ್ತಿದ್ದಾಗ ಹಳೆಯ ಗೆಳೆಯ, ಡ್ರಮ್ಮರ್ ಜಾನ್ ಕೇಂಬ್ರಿಜ್ ಬಂದು ಲಂಡನ್ನಿಗೆ ಕರೆದೊಯ್ದರು. ಆ ವರ್ಷವೇ ಮಾಡಿದ 'ದಿ ಮ್ಯಾನ್ ಹೂ ಸೋಲ್ಡ್ ದಿ ವರ್ಲ್ಡ್' ಆಲ್ಬಮ್ ಪಕ್ಕಾ ಹಾರ್ಡ್ ರಾಕ್. ಭಾರ ಗಿಟಾರ್, ಓಡಾಡುವ ಬಾಸ್, ಎಂಟು ನಿಮಿಷದ ಹಾಡು. ಆಗ ಹೆಚ್ಚು ಮಾರಾಟ ಆಗಲಿಲ್ಲ. ಆದರೆ 1993ರ ನವೆಂಬರ್‌ನಲ್ಲಿ ನಿರ್ವಾಣ ಎಂಟಿವಿಗಾಗಿ ಅದರ ಶೀರ್ಷಿಕೆ ಹಾಡನ್ನು ಹಾಡಿದ ಮೇಲೆ ಹೊಸ ತಲೆಮಾರು ಅದನ್ನು ಹುಡುಕಿಕೊಂಡು ಹೋಯಿತು.

ಆಗ ಕೆಲಸ ಮಾಡಿದ್ದು 1989ರಲ್ಲಿ ಯಾಕೆ ಅರ್ಧಂಬರ್ಧ ಆಯಿತು? ರಾನ್ಸನ್ ಅಂದರೆ ಬರೀ ಗಿಟಾರಿಸ್ಟ್ ಅಲ್ಲ. ಹಾಡಿಗೆ ಎಲ್ಲಿ ಜಾಗ ಬಿಡಬೇಕು ಅಂತ ಗೊತ್ತಿದ್ದ ಮನುಷ್ಯ. ಮುಂದೆ ಬೋವಿ ಹಾಡುಗಳಿಗೆ ಪಿಟೀಲು, ಚೆಲ್ಲೋ ಎಲ್ಲ ಜೋಡಿಸಿ ಬರೆದದ್ದೂ ಅವರೇ. ಗೇಬ್ರೆಲ್ಸ್ ಕೂಡ ಅಂಥ ತಲೆ ಇರುವವರೇ. ಆದರೆ ಟಿನ್ ಮಷೀನ್‌ನಲ್ಲಿ ಯಾರೂ ಯಾರಿಗೂ ಜಾಗ ಬಿಡುವ ಹಾಗಿರಲಿಲ್ಲ. ನಾಲ್ವರೂ ಸಮಾನರು ಅಂತ ಒಪ್ಪಂದ. ಸಂದರ್ಶನಕ್ಕೆ ನಾಲ್ವರೂ ಕೂರಬೇಕು. ಬೋವಿಯ ಹಳೆಯ ಹಿಟ್‌ಗಳನ್ನು ವೇದಿಕೆಯಲ್ಲಿ ಹಾಡುವಂತಿಲ್ಲ. ಕೇಳಲು ಚಂದ. ಆದರೆ ಅಂಗಡಿಯವನು ಆ ಸಿಡಿಯನ್ನು ಬೋವಿ ಹೆಸರಿನ ಖಾನೆಯಲ್ಲೇ ಇಡುತ್ತಾನೆ. ಪತ್ರಕರ್ತ ಮೊದಲ ಪ್ರಶ್ನೆ ಬೋವಿಗೇ ಕೇಳುತ್ತಾನೆ. ಒಬ್ಬ ತುಂಬಾ ಪ್ರಸಿದ್ಧನಾಗಿರುವ ಬ್ಯಾಂಡಿನಲ್ಲಿ ಸಮಾನತೆ ಅನ್ನೋದು ಒಳಗಡೆ ಮಾತ್ರ ನಡೆಯುತ್ತದೆ, ಹೊರಗಡೆ ಅಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲ ಆಲ್ಬಮ್ ಬೋವಿ ಹೆಸರಿನ ಬಲದಿಂದ ಬ್ರಿಟನ್ನಿನಲ್ಲಿ 3ನೇ ಸ್ಥಾನ, ಅಮೆರಿಕದಲ್ಲಿ 28ನೇ ಸ್ಥಾನ ಮುಟ್ಟಿತು. 1989ರ ಬೇಸಿಗೆಯಲ್ಲಿ ಸಣ್ಣ ಸಣ್ಣ ಜಾಗಗಳಲ್ಲಿ ನುಡಿಸಿದರು. 1990ರಲ್ಲಿ ಬೋವಿ ಇದ್ದಕ್ಕಿದ್ದಂತೆ ಹಳೆಯ ಹಿಟ್‌ಗಳ ದೊಡ್ಡ ಪ್ರವಾಸಕ್ಕೆ ಒಬ್ಬರೇ ಹೊರಟರು. ಸಮಾನರ ಬ್ಯಾಂಡ್ ಒಂದು ವರ್ಷ ಕಾಯಬೇಕಾಯಿತು. ಎರಡನೇ ಆಲ್ಬಮ್ ಬೇರೆ ಕಂಪನಿಯಿಂದ 1991ರ ಸೆಪ್ಟೆಂಬರ್ 2ಕ್ಕೆ ಬಂತು. ಬ್ರಿಟನ್ನಿನಲ್ಲಿ 23, ಅಮೆರಿಕದಲ್ಲಿ 126. ಮೂರು ವಾರದ ಮೇಲೆ ನಿರ್ವಾಣದ 'ನೆವರ್‌ಮೈಂಡ್' ಬಂದು ಇಡೀ ಆಟದ ನಿಯಮವನ್ನೇ ಬದಲಿಸಿತು. ನನಗೆ ಈ ಎರಡನೇ ಆಲ್ಬಮ್ ಮೊದಲನೆಯದಕ್ಕಿಂತ ಮೇಲು ಅನ್ನಿಸುತ್ತದೆ. ಅಲ್ಲಿ ಉಸಿರಾಟ ಇದೆ. ಕೊನೆಯಲ್ಲಿರುವ 'ಗುಡ್‌ಬೈ ಮಿಸ್ಟರ್ ಎಡ್' ಬೋವಿಯ ಒಳ್ಳೆಯ ಹಾಡುಗಳ ಸಾಲಿನಲ್ಲಿ ಕೂರುವಂಥದ್ದು. ಹಂಟ್ ಹಾಡಿದ ಎರಡು ಹಾಡುಗಳನ್ನು ದಾಟಿಸಿಬಿಡಿ, ನಾನೇನೂ ಅಂದುಕೊಳ್ಳಲ್ಲ. 1992ರ ಫೆಬ್ರವರಿಯಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ನುಡಿಸಿದ್ದೇ ಕೊನೆ.

ಇದೇ ದಾರಿಯಲ್ಲಿ ಹೋಗಿ ಬೇರೆ ಕಡೆ ತಲುಪಿದವರು ಕೆನಡಾದ ನೀಲ್ ಯಂಗ್. ಅವರ ಮೊದಲ ಸೋಲೋ ಆಲ್ಬಮ್ ಪದರದ ಮೇಲೆ ಪದರ ಹಾಕಿ ಕಟ್ಟಿದ್ದು. ಅದರ ಬೆನ್ನಿಗೇ, 1969ರ ಮೇ ತಿಂಗಳಲ್ಲಿ, ರಾಕೆಟ್ಸ್ ಎಂಬ ಬ್ಯಾಂಡಿನ ಮೂವರನ್ನು ಕರೆದುಕೊಂಡು, ಅವರಿಗೆ ಕ್ರೇಜಿ ಹಾರ್ಸ್ ಅಂತ ಹೆಸರಿಟ್ಟು, ಪೂರ್ತಿ ಉಲ್ಟಾ ಆಲ್ಬಮ್ ತಂದರು. ಅದರ ಮೂರು ಮುಖ್ಯ ಹಾಡುಗಳನ್ನು ಜ್ವರದಲ್ಲಿ ಮಲಗಿದ್ದಾಗ ಬರೆದದ್ದಂತೆ. ಎರಡು ಹಾಡುಗಳು ಒಂಬತ್ತು ಹತ್ತು ನಿಮಿಷದವು. ಕ್ರೇಜಿ ಹಾರ್ಸ್‌ನವರು ಕೈಚಳಕದವರಲ್ಲ. ನಿಧಾನ, ಒರಟು, ಎರಡೇ ಕಾರ್ಡ್ ಆದರೂ ಬೇಸರಿಸದೆ ಸುತ್ತುವವರು. ಅವರ ಮೇಲೆ ಯಂಗ್ ಹಾಡಬಹುದು, ನಿಲ್ಲಬಹುದು, ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟಬಹುದು. ಹಾಡು ಮೊದಲೇ ಬರೆದು ಮುಗಿದಿರುತ್ತಿತ್ತು, ಬ್ಯಾಂಡ್ ಅದನ್ನು ಹೊತ್ತುಕೊಳ್ಳುತ್ತಿತ್ತು. ಸಮಾನತೆಯ ನಾಟಕವೂ ಇರಲಿಲ್ಲ. ಕವರಿನ ಮೇಲೆ ಮೊದಲು ಯಂಗ್ ಹೆಸರು, ಆಮೇಲೆ ಬ್ಯಾಂಡ್ ಹೆಸರು. ಯಂಗ್ ಬೇಕಾದಾಗ ಬಿಟ್ಟುಹೋಗಿ ಕಂಟ್ರಿ ಹಾಡಿದರು, ಬೇಕಾದಾಗ ವಾಪಸ್ ಬಂದರು. 1990ರಲ್ಲೂ ಅದೇ ಬ್ಯಾಂಡ್ ಜೊತೆ ಅಷ್ಟೇ ಜೋರಿನ ಆಲ್ಬಮ್ ಮಾಡಿದರು.

ಹಾಗಾದರೆ ಟಿನ್ ಮಷೀನ್‌ನಿಂದ ಬೋವಿಗೆ ಸಿಕ್ಕಿದ್ದೇನು? ಗೇಬ್ರೆಲ್ಸ್ ಸಿಕ್ಕಿದರು. ಬ್ಯಾಂಡ್ ಒಡೆದ ಮೇಲೂ ಈ ಜೋಡಿ 1999ರವರೆಗೆ ಒಟ್ಟಿಗಿತ್ತು. 1995ರ 'ಔಟ್‌ಸೈಡ್' ಆಲ್ಬಮ್ಮಿನಲ್ಲಿ ಇಂಗ್ಲೆಂಡಿನ ಸಂಗೀತಗಾರ, ನಿರ್ಮಾಪಕ ಬ್ರಯನ್ ಈನೋ ಜೊತೆಗಿದ್ದಾರೆ. ಅಲ್ಲಿ ಅದೇ ಕೀರಲು ಗಿಟಾರ್ ಇದೆ, ಆದರೆ ಕತ್ತಲಿನ ಕೋಣೆಗಳ ನಡುವೆ, ಪಿಯಾನೋ ಪಕ್ಕದಲ್ಲಿ, ಅಳತೆಯಿಂದ. ಆ ವರ್ಷ ಬೋವಿ ತನಗಿಂತ ತುಂಬಾ ಚಿಕ್ಕವರಾದ ನೈನ್ ಇಂಚ್ ನೇಲ್ಸ್ ಬ್ಯಾಂಡ್ ಜೊತೆ ಅಮೆರಿಕ ಸುತ್ತಿದರು. 1997ರ 'ಅರ್ಥ್‌ಲಿಂಗ್' ಅನ್ನು ಗೇಬ್ರೆಲ್ಸ್ ಜೊತೆಗಾರರಾಗಿ ನಿರ್ಮಿಸಿದರು. ಅಲ್ಲಿ ಓಡುವ ಯಂತ್ರದ ಡ್ರಮ್ಸ್ ಮೇಲೆ ಗಿಟಾರ್ ತುಂಡು ತುಂಡಾಗಿ ಬರುತ್ತದೆ. ಸದ್ದು ಟಿನ್ ಮಷೀನ್‌ಗಿಂತ ಕಡಿಮೆ ಏನಲ್ಲ. ಆದರೆ ತಿದ್ದುವ ಬೋವಿ ವಾಪಸ್ ಬಂದಿದ್ದಾರೆ. ಆ ವರ್ಷದ ಜನವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಅವರ 50ರ ಹುಟ್ಟುಹಬ್ಬದ ಕಛೇರಿಗೆ ಪಿಕ್ಸೀಸ್‌ನ ಫ್ರಾಂಕ್ ಬ್ಲ್ಯಾಕ್, ಸೋನಿಕ್ ಯೂತ್, ಫೂ ಫೈಟರ್ಸ್ ಬಂದು ಜೊತೆಗೆ ನುಡಿಸಿದರು. 1987ರ ಜೇಡದ ಕೆಳಗೆ ನಿಂತಿದ್ದ ಬೋವಿಗೆ ಈ ಸಂಗ ಸಿಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಈಗ ನಿಮ್ಮ ವಿಷಯ. ಹೋಗಿ. ಆದರೆ ಬರೆದು ಮುಗಿಸಿದ ಹಾಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಭ್ಯಾಸದ ಕೋಣೆಯಲ್ಲಿ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ಏನೋ ಒಂದು ಗುನುಗಿ, ಅದಕ್ಕೇ ಸಾಲು ತುಂಬುವ ಆಸೆ ಎಲ್ಲರಿಗೂ ಆಗುತ್ತೆ. ಗುನುಗಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟು ಮನೆಗೆ ತನ್ನಿ, ತಿದ್ದಿ, ಆಮೇಲೆ ಹಾಡಿ. ಬ್ಯಾಂಡಿನವರು 'ಹಾಗೇ ಚೆನ್ನಾಗಿತ್ತು ಗುರೂ' ಅಂದರೂ ತಿದ್ದಿ.

ಕನ್ನಡದ ಒಂದು ಸಂಗತಿ ಹೇಳಲೇಬೇಕು. ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದ ಉಚ್ಚಾರದಲ್ಲಿ ಮುಗಿಯುತ್ತವೆ, ಮತ್ತು ನಮಗೆ ಹ್ರಸ್ವ ದೀರ್ಘದ ಲೆಕ್ಕ ಬಹಳ ಮುಖ್ಯ. ರಾಕ್ ರಿಫ್ ಸಾಲಿನ ಕೊನೆಯನ್ನು ಎಳೆಯಲು ಕರೆಯುತ್ತದೆ. ಎಳೆದರೆ ಹ್ರಸ್ವ ದೀರ್ಘವಾಗಿ ಪದ ಕೆಡುತ್ತದೆ. ಅದರ ಬದಲು ಒತ್ತಕ್ಷರಗಳನ್ನು ಡ್ರಮ್ ಹೊಡೆತದ ಮೇಲೆ ಕೂರಿಸಿ ನೋಡಿ, ದೀರ್ಘ ಸ್ವರ ಇರುವ ಕಡೆ ಮಾತ್ರ ಎಳೆಯಿರಿ. ನಿಮ್ಮ ಕಡೆಯ ಶಿಶುನಾಳ ಶರೀಫರ ಪದಗಳು ರಘು ದೀಕ್ಷಿತ್ ಅವರ ಬ್ಯಾಂಡಿನಲ್ಲಿ ಗಿಟಾರ್, ಡ್ರಮ್ಸ್ ಜೊತೆ ಅಷ್ಟು ಸಲೀಸಾಗಿ ಕೂತದ್ದನ್ನು ಕೇಳಿದ್ದೀರಲ್ವಾ? ಆ ಪದಗಳೊಳಗೇ ಆಗಲೇ ಒಂದು ಹೊಡೆತ ಇದೆ.

ಗಂಟಲಿನ ಬಗ್ಗೆ ಹುಷಾರು. ಸಣ್ಣ ಕೋಣೆಯಲ್ಲಿ ಡ್ರಮ್ ಸೆಟ್ 100 ಡೆಸಿಬಲ್ ಸಲೀಸಾಗಿ ದಾಟುತ್ತದೆ. ಅದರ ಮೇಲೆ ಹಾಡಲು ಹೋದರೆ ಗೊತ್ತಿಲ್ಲದೆ ಕಿರುಚುತ್ತೀರಿ. ನಿಮ್ಮ ದನಿ ನಿಮಗೇ ಕೇಳುವಂತೆ ಸ್ಪೀಕರ್ ಒಂದನ್ನು ಮುಖಕ್ಕೆ ತಿರುಗಿಸಿಕೊಳ್ಳಿ. ಆಗಲೂ ಕೇಳದಿದ್ದರೆ ನಿಮ್ಮ ದನಿ ಏರಿಸಬೇಡಿ, ಗಿಟಾರ್ ಇಳಿಸಲು ಹೇಳಿ. ಶ್ರುತಿಯನ್ನೂ ಒಮ್ಮೆ ಪರೀಕ್ಷಿಸಿ. ಅಕೌಸ್ಟಿಕ್ ಜೊತೆ ಹಿತವಾಗಿದ್ದ ಶ್ರುತಿ ಇಲ್ಲಿ ಗಿಟಾರಿನ ಗದ್ದಲದೊಳಗೇ ಮುಳುಗಬಹುದು. ಗಿಟಾರಿನ ಒಂದೆರಡು ಫ್ರೆಟ್‌ನಷ್ಟು ಮೇಲೆ ಕೆಳಗೆ ಸರಿಸಿ ಎಲ್ಲಿ ದನಿ ಹೊರಬರುತ್ತದೆ ಅಂತ ನೋಡಿ. ಅಭ್ಯಾಸ ಮುಗಿದ ಮರುದಿನವೂ ದನಿ ಒಡೆದಿದ್ದರೆ ಅವತ್ತು ಹಾಡಬೇಡಿ.

ಬ್ಯಾಂಡಿಗೆ ಸೇರುವ ಮೊದಲು ಎರಡು ಮಾತು ಕೇಳಿ ತಿಳಿದುಕೊಳ್ಳಿ. ಹಾಡಿನ ಹಕ್ಕು ಯಾರ ಹೆಸರಿನಲ್ಲಿ ಬರೆಯುತ್ತೇವೆ? ನಾನು ಒಬ್ಬನೇ ಅಕೌಸ್ಟಿಕ್ ಕಾರ್ಯಕ್ರಮ ಕೊಟ್ಟರೆ ಯಾರಿಗಾದರೂ ಬೇಜಾರಾ? ಇದನ್ನು ಗೆಳೆತನದ ಬಿಸಿಯಲ್ಲಿ ಯಾರೂ ಕೇಳುವುದಿಲ್ಲ, ಆಮೇಲೆ ಕೇಳಲು ಹೋದರೆ ಜಗಳ.

ಮತ್ತೆ ಟಿನ್ ಮಷೀನ್ ಕೇಳುವುದಾದರೆ ಶುರುವಿನಿಂದ ಕೊನೆಯವರೆಗೆ ಕೇಳಬೇಡಿ. ಮೊದಲು 'ಔಟ್‌ಸೈಡ್' ಕೇಳಿ, ಗೇಬ್ರೆಲ್ಸ್ ಗಿಟಾರಿಗೆ ಕಿವಿ ಹೊಂದಿಸಿಕೊಳ್ಳಿ. ಆಮೇಲೆ ಎರಡನೇ ಆಲ್ಬಮ್. ಮೊದಲನೆಯದರಿಂದ 'ಹೆವೆನ್ಸ್ ಇನ್ ಹಿಯರ್' ಮತ್ತು 'ಐ ಕಾಂಟ್ ರೀಡ್' ಎರಡೇ ಸಾಕು, ಅದೂ ಹೆಡ್‌ಫೋನ್ ಬೇಡ, ಸ್ಪೀಕರ್‌ನಲ್ಲಿ.